ಗಟ್ಟಿ ಕೈ ಬಂದಾಗ ಸುಮ್ನಿರೋದಾ, ಬೆಟ್ ಹಾಕೋದಾ?

ಮೈಸೂರಿನ ಕುವೆಂಪುನಗರದ ನಮ್ಮ ರೂಮಿನಲ್ಲಿ ಪೋಕರ್ ಬಗ್ಗೆ ಮುಗಿಯದ ಜಗಳ ಇದೊಂದೇ. ಮಂಡ್ಯದ ಗೆಳೆಯನದು ಸ್ಲೋ ಪ್ಲೇ, ಅಂದರೆ ಗಟ್ಟಿ ಕೈ ಇದ್ದರೂ ಬೆಟ್ ಹಾಕದೆ ಚೆಕ್ ಮಾಡಿ ಸುಮ್ಮನಿರೋದು. "ಚೆಕ್ ಮಾಡ್ಕೊಂಡು ಕೂತ್ಕೋ ಗುರು, ಅವನೇ ಬಂದು ಬೀಳ್ತಾನೆ" ಅಂತಾನೆ. ಇನ್ನೊಬ್ಬ, ಎದುರಿನವನು ಓಡಿಹೋಗದ ಹಾಗೆ ಸಣ್ಣ ಸಣ್ಣ ಬೆಟ್ ಹಾಕುವವನು. ನಾನು ದೊಡ್ಡ ಬೆಟ್ ಕಡೆಯವನು, ಆದರೆ ಮೂರನ್ನೂ 1-2 ರೂಪಾಯಿ ಬ್ಲೈಂಡಿನ (ಎಲೆ ನೋಡೋಕೆ ಮುಂಚೆಯೇ ಇಬ್ಬರು ಹಾಕಲೇಬೇಕಾದ ದುಡ್ಡು) ಆನ್‌ಲೈನ್ ಟೇಬಲ್‌ಗಳಲ್ಲಿ ಆಡಿ ನೋಡಿದ್ದೇನೆ. ಇದು ಆಗಸ್ಟ್ 2025ರಲ್ಲಿ ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧಿಸಿದ ಕೇಂದ್ರದ ಕಾಯ್ದೆ ಬರೋಕೆ ಮುಂಚಿನ ಮಾತು. ಈಗ ನಮ್ಮದು ಬರೀ ಪುಕ್ಕಟೆ ಚಿಪ್ಸ್ ಆಟ.

ಒಂದು ಕೈ ತಗೊಳ್ಳಿ. ನನ್ನ ಹತ್ತಿರ ಎಂಟರ ಜೋಡಿ. 6 ರೂಪಾಯಿಗೆ ಏರಿಸಿ ರೈಸ್ ಮಾಡಿದೆ, ಒಬ್ಬ ಅಷ್ಟೇ ಹಾಕಿ ಕಾಲ್ ಮಾಡಿದ, ಬ್ಲೈಂಡ್ ಹಾಕಿದ್ದ ಇಬ್ಬರೂ ಎಲೆ ಬಿಟ್ಟರು. ಪಾಟ್‌ನಲ್ಲಿ (ಮಧ್ಯದ ರಾಶಿ) 15 ರೂಪಾಯಿ. ಫ್ಲಾಪ್‌ನಲ್ಲಿ (ಎಲ್ಲರಿಗೂ ಅಂತ ಮಧ್ಯದಲ್ಲಿ ಬೀಳುವ ಮೊದಲ ಮೂರು ಎಲೆ) ಕಿಂಗ್, ಎಂಟು, ನಾಲ್ಕು. ಅದರಲ್ಲಿ ಎರಡು ಹಾರ್ಟ್. ಜೋಡಿ ಹಿಡಿದಾಗ ಫ್ಲಾಪ್‌ನಲ್ಲೇ ಸೆಟ್ (ಒಂದೇ ನಂಬರಿನ ಮೂರು ಎಲೆ) ಕೂಡೋದು ನೂರಕ್ಕೆ ಹನ್ನೆರಡು ಸಲ, ಅಷ್ಟೇ. ಬಂದಾಗ ವಸೂಲಿ ಆಗಲೇಬೇಕು ಅಲ್ವಾ?

ಫ್ಲಾಪ್, ನಾಲ್ಕನೇ ಎಲೆ (ಟರ್ನ್), ಐದನೇ ಎಲೆ, ಹೀಗೆ ಮೂರು ಸುತ್ತಲ್ಲೂ ಪಾಟ್‌ನ ಮೂರನೇ ಎರಡು ಭಾಗ ಹಾಕಿದರೆ 10, 23, 54. ಅವನು ಕೊನೆತನಕ ಬಂದರೆ ಅವನ ಜೇಬಿಂದ 87 ರೂಪಾಯಿ. ಫ್ಲಾಪ್‌ನಲ್ಲಿ ಚೆಕ್ ಮಾಡಿ, ಆಮೇಲೆ ಎರಡು ಸುತ್ತು ಇದೇ ಲೆಕ್ಕದಲ್ಲಿ ಹಾಕಿದರೆ 33. ಮೂರನೇ ಒಂದು ಭಾಗದ ಹಾಗೆ ಮೂರೂ ಸುತ್ತು ಹಾಕಿದರೆ 5, 8, 14, ಒಟ್ಟು 27. ನೋಡಿ, ಒಂದು ಸುತ್ತು ಸುಮ್ಮನಿದ್ದವನಿಗಿಂತ ಮೂರು ಸಲ ಸಣ್ಣದಾಗಿ ಹಾಕಿದವನಿಗೇ ಕಮ್ಮಿ! ಪ್ರತಿ ಬೆಟ್ ಹಿಂದಿನ ಪಾಟ್ ಮೇಲೆ ನಿಂತಿರುತ್ತೆ, ಚಕ್ರಬಡ್ಡಿ ಥರ.

ಕೈಲಿ ಎರಡು ಹಾರ್ಟ್ ಹಿಡಿದು ಇನ್ನೊಂದು ಕಾಯುತ್ತಾ ಕೂತವನ ಲೆಕ್ಕವೂ ಇದೆ. ಮುಂದಿನ ಎಲೆಯಲ್ಲಿ ಅವನಿಗೆ ಫ್ಲಶ್ (ಐದೂ ಹಾರ್ಟ್) ಆಗುವ ಸಾಧ್ಯತೆ ನೂರಕ್ಕೆ 19. ನಾನು 5 ಹಾಕಿದರೆ ಕಾಲ್ ಮಾಡೋಕೆ ಅವನಿಗೆ ನೂರಕ್ಕೆ 20 ಸಾಧ್ಯತೆ ಸಾಕು, ಹೆಚ್ಚುಕಮ್ಮಿ ನಷ್ಟವೇ ಇಲ್ಲ. 10 ಹಾಕಿದರೆ 28ರ ಮೇಲೆ ಬೇಕು. ಚೆಕ್ ಮಾಡಿದರಂತೂ ಪುಕ್ಕಟೆ ಎಲೆ.

"ದೊಡ್ಡದು ಹಾಕಿದ್ರೆ ಎದ್ದು ಹೋಗ್ತಾರೆ" ಅನ್ನೋದು ಸಣ್ಣ ಟೇಬಲ್‌ನಲ್ಲಿ ನಾನು ಕಾಣದ ಮಾತು. ಕಿಂಗ್-ಆರು ಹಿಡಿದವನು ಟೈಮರ್ ಕೆಂಪಗಾಗೋವರೆಗೂ ಯೋಚನೆ ಮಾಡ್ತಾನೆ, ಆಮೇಲೆ ಕಾಲ್ ಒತ್ತುತ್ತಾನೆ. ಅಲ್ಲಿ ಜಾಸ್ತಿ ಜನ ಕೂತಿರೋದೇ ಕಾಲ್ ಮಾಡೋಕೆ. ತಾವಾಗಿ ಬೆಟ್ ಹಾಕೋದು ಕಮ್ಮಿ, ಬ್ಲಫ್ ಇನ್ನೂ ಕಮ್ಮಿ. ಅಂಥವರಿಗೆ ಬಲೆ ಬೀಸಿ ಕೂತರೆ ಕೂತೇ ಇರಬೇಕು.

ಹಾಗಂತ ಮಂಡ್ಯದವನ ದಾರಿ ಪೂರ್ತಿ ದಂಡ ಅಲ್ಲ. ರಾಣಿ ಜೋಡಿ ಹಿಡಿದಾಗ ಫ್ಲಾಪ್‌ನಲ್ಲಿ ಇನ್ನೆರಡು ರಾಣಿ ಬಿದ್ದರೆ ಎದುರಿನವನಿಗೆ ಕಾಲ್ ಮಾಡೋಕೆ ಏನು ಉಳಿಯುತ್ತೆ? ಆಗ ಚೆಕ್ಕೇ ಸರಿ. ಪ್ರತಿ ಕೈಗೂ ತಾನೇ ಬೆಟ್ ಹಾಕುವ ಆವೇಶದವನು ಎದುರಿಗಿದ್ದರೂ ಅಷ್ಟೇ, ಅವನ ಕೆಲಸ ಅವನು ಮಾಡಲಿ. ಸಣ್ಣ ಬೆಟ್ಟನ್ನು ನಾನು ಇಟ್ಟುಕೊಂಡಿರೋದು ಇದೇ ಫ್ಲಾಪ್ ಮೇಲೆ ಬರೀ ಕಿಂಗ್ ಜೋಡಿ ಆಗುವ ಕಿಂಗ್-ಜಾಕ್‌ನಂಥ ಮಧ್ಯಮ ಕೈಗೆ ಮಾತ್ರ.

ದೊಡ್ಡ ಬೆಟ್‌ನಿಂದ ಇನ್ನೊಂದು ಉಪಯೋಗ ಇದೆ. ಬರೀ ಕಾಲ್ ಮಾಡುತ್ತಿದ್ದ ಸಾಧು ಪ್ರಾಣಿ ಟರ್ನ್‌ನಲ್ಲಿ ನಮ್ಮ 23ರ ಮೇಲೆ ರೈಸ್ ಮಾಡಿದರೆ ಅವನ ಕೈಲಿ ಖಂಡಿತ ಏನೋ ಇದೆ ಅಂತ ಅರ್ಥ. ನನ್ನದು ಬರೀ ಎಕ್ಕದ ಜೋಡಿಯಾದರೆ ಅಲ್ಲೇ ಬಿಡ್ತೀನಿ. ಎಂಟರ ಸೆಟ್ ಆದರೆ ಇರೋದೆಲ್ಲ ಒಳಗೆ.