ರಡರ್ ಪೆಡಲ್ ಜೊತೆ ಎರಡು ವರ್ಷ: ಎಡಕ್ಕೆ ಎಳೆಯುವ ಕಾಟ

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನದ ಮೂಗನ್ನು ಎಡಕ್ಕೆ, ಬಲಕ್ಕೆ ತಿರುಗಿಸಲು ಕಾಲಲ್ಲಿ ಒತ್ತುವುದೇ ಈ ರಡರ್ ಪೆಡಲ್. ಬಾಕ್ಸ್‌ನಲ್ಲಿ ಏನೇನಿದೆ ಅನ್ನೋದನ್ನು ನೀವೆಲ್ಲ ಬೇರೆ ರಿವ್ಯೂಗಳಲ್ಲಿ ನೋಡಿರುತ್ತೀರಿ, ಬಿಡಿ.

ನಮ್ಮದು ಬೆಂಗಳೂರಿನ ಮುರುಗೇಶ್‌ಪಾಳ್ಯದ ಬಾಡಿಗೆ ಮನೆ. ಒಂದು ಮೊಳೆ ಹೊಡೆದರೂ ಓನರ್ ಮೆಟ್ಟಿಲು ಹತ್ತಿ ಬರುತ್ತಾರೆ. ಹಾಗಾಗಿ ಸೆಸ್ನಾ 172 ಅನ್ನೋ ಪುಟ್ಟ ಒಂಟಿ ಎಂಜಿನ್ ವಿಮಾನದ ಕಾಕ್‌ಪಿಟ್ಟನ್ನು ಗೋಡೆಗೆ ತಾಗಿಸದೆ ಪ್ಲೈವುಡ್‌ನಲ್ಲಿ ಕಟ್ಟಿದೆ. ಸೀಟು ಗುಜರಿಯದು, ಯೋಕ್ (ವಿಮಾನದ ಸ್ಟೀರಿಂಗ್) ಸೆಕೆಂಡ್‌ಹ್ಯಾಂಡ್. ಪೆಡಲ್ ಮಾತ್ರ ಹೊಸದು. ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಅದಕ್ಕೇ ಹೋಯಿತು.

ಒಂದು ವರ್ಷ ಬೆಣ್ಣೆಯಂತಿತ್ತು. ಆಮೇಲೆ ಶುರುವಾಯಿತು ನೋಡಿ. ರನ್‌ವೇಯಲ್ಲಿ ವೇಗ 55 ನಾಟ್ (ಗಂಟೆಗೆ ಸುಮಾರು ನೂರು ಕಿ.ಮೀ.) ಬಂದರೆ ಮೂಗು ಎತ್ತಬೇಕು. 40ಕ್ಕೇ ವಿಮಾನ ಎಡಕ್ಕೆ ಎಗರಿ ಹುಲ್ಲಿಗೆ ಇಳಿಯುತ್ತದೆ. ಪೂರ್ತಿ ಪವರ್ ಕೊಟ್ಟಾಗ ಸೆಸ್ನಾ ಎಡಕ್ಕೆ ಎಳೆಯುವುದು ಸಹಜ, ಬಲಗಾಲು ಒತ್ತಬೇಕು. ಅದಕ್ಕೇ ತಪ್ಪು ನನ್ನದೇ ಅಂದುಕೊಂಡು ತಿಂಗಳುಗಟ್ಟಲೆ ಕಾಲನ್ನೇ ಬೈದುಕೊಂಡೆ. ಕೊನೆಗೆ ಕಂಪ್ಯೂಟರಿನಲ್ಲಿ ಪೆಡಲ್ ಸಿಗ್ನಲ್‌ನ ಗ್ರಾಫ್ ತೆರೆದು ನೋಡಿದರೆ, ಕಾಲು ತೆಗೆದರೂ ಗೆರೆ ಎಡಕ್ಕೆ ಚಿಮ್ಮುತ್ತಿದೆ!

ಒಳಗಿರುವುದು ಹಳೇ ರೇಡಿಯೊದ ವಾಲ್ಯೂಮ್ ತಿರುಗಣೆಯಂಥ ಪೊಟೆನ್ಶಿಯೋಮೀಟರ್. ಪಟ್ಟಿ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಉಜ್ಜುತ್ತಾ ಸವೆಯುತ್ತದೆ. ಮೇಲೆ ಧೂಳು ಬೇರೆ. ನಮ್ಮೂರ ಧೂಳು ಗೊತ್ತಲ್ವಾ? ಸದಾ ನೆಲದ ಮೇಲೆ ಕೂರುವ ವಸ್ತುವಿಗೆ ಇಂಥದ್ದನ್ನು ಯಾರಾದರೂ ಹಾಕುತ್ತಾರಾ? ಕಂಪನಿಗೆ ಬರೆದೆ. ವಾರಂಟಿ ಮುಗಿದಿದೆ, ಹೊಸ ಮಾಡೆಲ್ ನೋಡಿ ಅಂದರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಮೂರು ವಾರ ಸುಮ್ನಿರುತ್ತದೆ, ಮತ್ತೆ ಅದೇ ಕುಣಿತ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. 49ಇ ಹಾಲ್ ಸೆನ್ಸರ್ (ಆಯಸ್ಕಾಂತದ ಬಲ ಅಳೆಯುವ ಚಿಪ್), ಪುಟ್ಟ ಆಯಸ್ಕಾಂತ, ಎರಡೂ ಸೇರಿ ಒಂದು ಮಸಾಲೆ ದೋಸೆಯ ದುಡ್ಡು. ಇದರಲ್ಲಿ ಉಜ್ಜಾಟವೇ ಇಲ್ಲ. ಆಯಸ್ಕಾಂತ ತಿರುಗಿದಂತೆ ವೋಲ್ಟೇಜ್ ಬದಲಾಗುತ್ತದೆ, ಅಷ್ಟೇ. ಪೊಟೆನ್ಶಿಯೋಮೀಟರ್ ಕಿತ್ತು ಇದನ್ನು ಕೂರಿಸಿದೆ. ಒಂದು ಭಾನುವಾರ, ಎರಡು ಸುಟ್ಟ ಬೆರಳು, ಕಾಟ ತೀರಿತು. ಬಿಚ್ಚಿ ನೋಡಿದ ಮೇಲೆ ಪೆಡಲ್ ಮೇಲಿನ ಸಿಟ್ಟೂ ಇಳಿಯಿತು. ಕಬ್ಬಿಣದ ಮೈ, ಸ್ಪ್ರಿಂಗ್, ಬೇರಿಂಗ್ ಎಲ್ಲ ಗಟ್ಟಿ.

ಅದೇ ಅಂಗಡಿಯಲ್ಲಿ ಐದು ಹಂತದ ರೋಟರಿ ಸ್ವಿಚ್ ಕಣ್ಣಿಗೆ ಬಿತ್ತು. ಈಗ ಅದೇ ನನ್ನ ಮ್ಯಾಗ್ನೆಟೊ ಕೀ. ಮ್ಯಾಗ್ನೆಟೊ ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಸಾಧನ, ವಿಮಾನದಲ್ಲಿ ಎರಡಿರುತ್ತವೆ. ಬೆಳಿಗ್ಗೆ ಐದೂವರೆಗೆ ಕಾಫಿ ಲೋಟವನ್ನು ದೂರ ಇಡುತ್ತೇನೆ (ಒಮ್ಮೆ ಥ್ರಾಟಲ್‌ಗೆ ಕುಡಿಸಿದ್ದೇನೆ). ಇಂಧನ-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಮುಂದಕ್ಕೆ. ಕೀ ಟಕ್, ಟಕ್, ಟಕ್, ಟಕ್. ಎಂಜಿನ್ ಕೆಮ್ಮಿ ಹತ್ತಿಕೊಳ್ಳುತ್ತದೆ. ಆಮೇಲೆ ಒಂದು ಮ್ಯಾಗ್ನೆಟೊ ಆಫ್ ಮಾಡಿದಾಗ ಎಂಜಿನ್ ದನಿ ಚೂರೇ ಚೂರು ಕುಗ್ಗುತ್ತದಲ್ಲ, ಅದನ್ನು ಕೇಳದೆ ನನಗೆ ದಿನ ಶುರುವಾಗುವುದಿಲ್ಲ.

ಹೊರಡುವುದು ಮನೆ ಹತ್ತಿರದ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ 09ರಿಂದ, ಸಿಮ್ಯುಲೇಟರ್‌ನಲ್ಲೇ. 2008ರ ಮೇವರೆಗೆ ಊರಿನ ಪ್ರಯಾಣಿಕ ವಿಮಾನಗಳೆಲ್ಲ ಇಲ್ಲಿಂದಲೇ ಹಾರುತ್ತಿದ್ದವು. ಮಾರತ್‌ಹಳ್ಳಿ ದಾಟಿದರೆ ಬಲಕ್ಕೆ ವರ್ತೂರು ಕೆರೆ. ಕೆಲವು ದಿನ ಅಷ್ಟೊತ್ತಿಗೆ ಕಿಟಕಿಯಾಚೆ ನಿಜವಾದ ಜೆಟ್ ಗುಡುಗುತ್ತದೆ, ನನ್ನ ಪ್ಲೈವುಡ್ ಪ್ಯಾನೆಲ್ ಗಡಗಡ ಅನ್ನುತ್ತದೆ. ಇಂಥ ಎಫೆಕ್ಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಐದಕ್ಕೆ ಮೂರು ಸ್ಟಾರ್. ಬೆಸುಗೆ ಹಾಕಲು ಬರದವರು ಸ್ವಲ್ಪ ಜಾಸ್ತಿ ಕೊಟ್ಟು ಹಾಲ್ ಸೆನ್ಸರ್ ಇರುವುದನ್ನೇ ತಗೊಳ್ಳಿ. ನಿನ್ನೆ ಬಲಗಡೆಯ ಟೋ ಬ್ರೇಕ್ (ಪೆಡಲ್‌ನ ಮೇಲ್ತುದಿಯಲ್ಲಿ ಕಾಲ್ಬೆರಳಿನಿಂದ ಒತ್ತುವ ಬ್ರೇಕ್) ಕೂಡ ಒಮ್ಮೆ ಕುಣಿಯಿತು. ಅದಕ್ಕೂ ಇರಲಿ ಅಂತ ಒಂದು ಸೆನ್ಸರ್ ಆಗಲೇ ತಂದಿಟ್ಟಿದ್ದೆ.