ಗ್ಯಾರೇಜ್ ಬಾಗಿಲಿಗೆ ಯಾವ ಎಣ್ಣೆ? ನಾಲ್ಕು ಥರದ್ದು ಹಾಕಿ ನೋಡಿದ್ಮೇಲೆ

ನಮ್ಮನೇದು ಪಟ್ಟಿ ಪಟ್ಟಿಯಾಗಿ ಮಡಚ್ಕೊಂಡು ಮೇಲಕ್ಕೆ ಹೋಗೋ ಮೋಟರ್ ಬಾಗಿಲು, ತೆಗೆದಾಗೆಲ್ಲ ಕಿರ್ರ್ ಅಂತ ಒಂದೇ ಸಮ ಕೂಗ್ತಿತ್ತು, ಅದಕ್ಕೇ ಒಂದೊಂದಾಗಿ ನಾಲ್ಕು ಥರದ್ದು ಹಾಕಿ ನೋಡ್ದೆ.

ಮೊದಲು ಹಾಕಿದ್ದು ಇಂಜಿನ್ ಆಯಿಲ್, ಮನೇಲಿ ಉಳಿದಿತ್ತು ಅಂತ. ಬೇಡವೇ ಬೇಡ. ನೆಲಕ್ಕೆಲ್ಲ ತೊಟ್ಟಿಕ್ತು, ಧೂಳು ಅಂಟ್ಕೊಂಡು ಕಪ್ಪು ಮೇಣದ ಥರ ಆಗೋಯ್ತು.

ಆಮೇಲೆ ತುಕ್ಕು ಬಿಡಿಸೋ ಸ್ಪ್ರೇ. ಹಾಕಿದ ತಕ್ಷಣ ಸದ್ದು ನಿಂತೋಯ್ತು, ಆದ್ರೆ ಎರಡು ವಾರಕ್ಕೆ ಮತ್ತೆ ಶುರು, ಯಾಕಂದ್ರೆ ಅದು ತೆಳು, ಬೇಗ ಆರಿ ಹೋಗತ್ತೆ, ಹಳೇ ಗ್ರೀಸನ್ನೂ ಕರಗಿಸಿ ಬಿಡತ್ತೆ. ಕೊಳೆ ತೆಗೆಯೋಕೆ ಮಾತ್ರ ಅದು ಒಳ್ಳೇದು, ನಾನು ಈಗ್ಲೂ ಅದರಲ್ಲಿ ಒರೆಸಿ ಆಮೇಲೇನೇ ಗ್ರೀಸ್ ಹಾಕೋದು.

ನಿಜವಾದ ಪೈಪೋಟಿ ಇರೋದು ಸಿಲಿಕೋನ್ ಸ್ಪ್ರೇಗೂ ಬಿಳಿ ಲಿಥಿಯಂ ಗ್ರೀಸ್ ಸ್ಪ್ರೇಗೂ. ಲಿಥಿಯಂದು ದಪ್ಪ, ಹಾಕಿದ ಜಾಗದಲ್ಲೇ ಕೂತ್ಕೊಳತ್ತೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಕಡೆ ಅಂದ್ರೆ ಪಟ್ಟಿಗಳನ್ನ ಜೋಡಿಸೋ ಹಿಂಜು, ಮೋಟರ್ ಚೈನು, ಬಾಗಿಲಿನ ಭಾರ ಹೊರೋ ಮೇಲಿನ ಸ್ಪ್ರಿಂಗಿನ ಸುರುಳಿ, ಇಲ್ಲೆಲ್ಲ ಅದನ್ನ ಮೀರಿಸೋದು ಇಲ್ಲ, ನನಗೆ ಆರು ತಿಂಗಳು ಬಂತು. ಸಿಲಿಕೋನಿಗೆ ಧೂಳು ಅಷ್ಟಾಗಿ ಹಿಡಿಯಲ್ಲ, ರಬ್ಬರಿಗೂ ತೊಂದ್ರೆ ಇಲ್ಲ, ಹಾಗಾಗಿ ಕೆಳಗಿನ ರಬ್ಬರ್ ಪಟ್ಟಿಗೆ, ನೈಲಾನ್ ರೋಲರಿನ ಬೇರಿಂಗಿಗೆ ಅದೇ ಸರಿ. ಒಂದೇ ಡಬ್ಬ ಅಂದ್ರೆ ನಾನು ಲಿಥಿಯಂ ತಗೋತೀನಿ. ರೋಲರ್ ಓಡೋ ಟ್ರ್ಯಾಕಿಗೆ ಮಾತ್ರ ಎರಡರಲ್ಲಿ ಯಾವುದೂ ಬೇಡ, ಬಟ್ಟೇಲಿ ಒರೆಸಿದ್ರೆ ಸಾಕು, ಅಲ್ಲಿ ರೋಲರ್ ಉರುಳ್ಬೇಕೇ ಹೊರತು ಜಾರಬಾರದು.

ಆದ್ರೆ ಸದ್ದು ಹೋಯ್ತು ಅಂತ ನಾನು ನೆಮ್ಮದಿಯಾಗಿದ್ದೆ ನೋಡಿ, ಅದೇ ತಪ್ಪು. ಬಾಗಿಲು ಪೂರ್ತಿ ಮುಚ್ಚಿ, ಮೋಟರಿಂದ ಬಿಡಿಸೋ ಕೆಂಪು ಹಗ್ಗ ಎಳೆದು ಕೈಯಲ್ಲಿ ಅರ್ಧಕ್ಕೆ ಎತ್ತಿದ್ರೆ ಅದು ಅಲ್ಲೇ ನಿಲ್ಬೇಕು, ನಮ್ಮದು ಭಾರವಾಗಿ ಕೆಳಗೆ ಜಗ್ತು, ಸ್ಪ್ರಿಂಗ್ ಸೋತಿತ್ತು. ಸಾಮಾನ್ಯ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ಬಾಗಿಲು ತೆಗೆದು ಮುಚ್ಚೋ ಅಷ್ಟು, ದಿನಕ್ಕೆ ನಾಲ್ಕು ಸಲ ಅಂದ್ರೆ ಏಳು ವರ್ಷ ಹತ್ರ ಹತ್ರ. ಅದನ್ನ ಮಾತ್ರ ದಯವಿಟ್ಟು ನೀವೇ ಬಿಚ್ಚೋಕೆ ಹೋಗ್ಬೇಡಿ, ಸುತ್ತಿಟ್ಟಿರೋ ಬಲ ಒಂದೇ ಸಲ ಬಿಟ್ರೆ ಕೈ ಮುರಿಯತ್ತೆ, ಜೀವಕ್ಕೇ ಬರಬಹುದು, ಕೆಲಸ ಗೊತ್ತಿರೋರನ್ನೇ ಕರೀರಿ. ಬಾಗಿಲು ಮೇಲಿದ್ದಾಗ ಆ ಕೆಂಪು ಹಗ್ಗನೂ ಎಳೀಬೇಡಿ, ಸ್ಪ್ರಿಂಗ್ ಕೆಟ್ಟಿದ್ರೆ ಬಾಗಿಲು ದಬ್ ಅಂತ ಬೀಳತ್ತೆ.

ಈಗ ತಿಂಗಳಿಗೊಂದ್ಸಲ ಬಾಗಿಲ ಕೆಳಗೆ 4 ಸೆಂಟಿಮೀಟರ್ ದಪ್ಪದ ಹಲಗೆ ಅಡ್ಡ ಮಲಗಿಸಿ ಮುಚ್ಚಿ ನೋಡ್ತೀನಿ, ತಗುಲಿದ ಕೂಡಲೇ ವಾಪಸ್ ಮೇಲೆ ಹೋಗ್ಬೇಕು. ನೆಲದಿಂದ 15 ಸೆಂಟಿಮೀಟರ್ ಒಳಗೆ ಎರಡೂ ಕಡೆ, ಅಡ್ಡ ಬಂದದ್ದನ್ನ ಗುರುತಿಸೋ ಸೆನ್ಸರ್ ಕಣ್ಣು ಇರತ್ತಲ್ಲ, ಬಾಗಿಲು ಇಳೀತಿರೋವಾಗ ಅದಕ್ಕೆ ಪೊರಕೆ ಅಡ್ಡ ಹಿಡಿದೂ ನೋಡ್ತೀನಿ, ಮಕ್ಕಳಿರೋ ಮನೇಲಿ ಇದನ್ನ ತಪ್ಪಿಸ್ಲೇಬಾರದು. ಸ್ಪ್ರೇ ಹೊಡಿಯೋವಾಗ ಆ ಕಣ್ಣಿಗೆ ಹಾರದ ಹಾಗೆ ಬಟ್ಟೆ ಮುಚ್ಚಿ, ನಾನು ಒಂದ್ಸಲ ಮರೆತು, ಬಾಗಿಲು ಅರ್ಧ ದಿನ ಮುಚ್ಚಲೇ ಇಲ್ಲ.