ಹಳೇ ಪಾಪ್ ಸಿಡಿ ಇಳಿಸಲು ಎಕ್ಸಾಕ್ಟ್ ಆಡಿಯೋ ಕಾಪಿ: ಲಾಗ್ ನಂಬಿ, ಡಿಸ್ಕನ್ನಲ್ಲ

ತೊಂಬತ್ತರ ದಶಕದ ಪಾಪ್ ಸಿಡಿಗಳನ್ನು ಒಂದು ಬಿಟ್ಟೂ ಕಳೆಯದಂತೆ ಫ್ಲ್ಯಾಕ್‌ಗೆ (ಗುಣಮಟ್ಟ ಕುಗ್ಗಿಸದ ಆಡಿಯೋ ಫೈಲ್ ಬಗೆ) ಇಳಿಸಬೇಕೆಂದರೆ ವಿಂಡೋಸ್‌ನಲ್ಲಿ ಈಗಲೂ ಮೊದಲ ಆಯ್ಕೆ ಎಕ್ಸಾಕ್ಟ್ ಆಡಿಯೋ ಕಾಪಿ, ಅಂದರೆ ಇಎಸಿ. ಮನೆ ಬಳಕೆಗೆ ಉಚಿತ. ನೋಟ ಮಾತ್ರ ವಿಂಡೋಸ್ 98ರ ಕಾಲದ್ದೇ. ಬೇಕಾದ ಸೆಟ್ಟಿಂಗ್ ಸಿಗುವಷ್ಟರಲ್ಲಿ ಕಾಫಿ ಆರಿರುತ್ತದೆ.

ಮಾಮೂಲಿ ಪ್ಲೇಯರ್‌ಗಳು ಗೀರು ಬಿದ್ದ ಕಡೆ ಡ್ರೈವ್ ಕೊಟ್ಟಿದ್ದನ್ನೇ ನುಂಗಿ ಮುಂದೆ ಹೋಗುತ್ತವೆ. ಇಎಸಿ ಸೆಕ್ಯೂರ್ ಮೋಡ್‌ನಲ್ಲಿ ಪ್ರತಿ ಸೆಕ್ಟರನ್ನೂ (ಡಿಸ್ಕಿನ ಡೇಟಾದ ಚಿಕ್ಕ ತುಂಡು) ಕನಿಷ್ಠ 2 ಸಲ ಓದುತ್ತದೆ. ತಾಳೆಯಾಗದಿದ್ದರೆ ಮತ್ತೆ 16 ಸಲ ಓದಿ, ಅದರಲ್ಲಿ 8 ಒಂದೇ ಬಂದರಷ್ಟೇ ಒಪ್ಪಿಕೊಳ್ಳುತ್ತದೆ. ತೀರಾ ಕೆಟ್ಟ ಜಾಗದಲ್ಲಿ ಇದು 82 ಸಲದವರೆಗೂ ಹೋಗುತ್ತದೆ, ಅದಕ್ಕೇ ಅಷ್ಟು ನಿಧಾನ. ಡಿಸ್ಕನ್ನು ಮೊದಲೇ ಒರೆಸಿಕೊಳ್ಳಿ: ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಿಸಿ ಅಲ್ಲ. ಸುತ್ತ ಬಿದ್ದ ಗೀರು ಒಂದೇ ಸಾಲಿನ ಡೇಟಾವನ್ನು ಉದ್ದಕ್ಕೂ ಕೆಡಿಸುತ್ತದೆ.

ಡ್ರೈವ್ ಆಪ್ಷನ್ಸ್‌ನಲ್ಲಿ ಅಕ್ಯುರೇಟ್ ಸ್ಟ್ರೀಮ್, ಆಡಿಯೋ ಕ್ಯಾಶೆ ಎರಡಕ್ಕೂ ಟಿಕ್ ಇರಲಿ, ಸಿ2 (ಡ್ರೈವ್ ತಾನೇ ಕೊಡುವ ದೋಷ ಸೂಚನೆ) ಬೇಡ. ಕ್ಯಾಶೆಯದ್ದನ್ನು ಮರೆತರೆ ಎರಡನೇ ಓದು ಡಿಸ್ಕಿನಿಂದ ಬರುವ ಬದಲು ಡ್ರೈವ್‌ನ ನೆನಪಿನಿಂದಲೇ ಬಂದು, ತಪ್ಪು ತಪ್ಪಿಗೇ ತಾಳೆಯಾಗಿಬಿಡುತ್ತದೆ! ಎಲ್ಲರ ಹತ್ತಿರ ಇರುವಂಥ ಜನಪ್ರಿಯ ಆಲ್ಬಮ್ ಒಂದನ್ನು ಹಾಕಿದರೆ ಆಫ್‌ಸೆಟ್ಟನ್ನು (ಡ್ರೈವ್ ಓದುವ ಜಾಗದ ಸಣ್ಣ ವ್ಯತ್ಯಾಸ) ಅಕ್ಯುರೇಟ್‌ರಿಪ್, ಅಂದರೆ ಬೇರೆಯವರು ಇಳಿಸಿದ ಪ್ರತಿಗಳ ಜತೆ ತಾಳೆ ನೋಡುವ ಆನ್‌ಲೈನ್ ಡೇಟಾಬೇಸ್, ತಾನೇ ಕಂಡುಕೊಳ್ಳುತ್ತದೆ. ಫ್ಲ್ಯಾಕ್ ಮಟ್ಟ 8 ಇಡಿ, ವೆರಿಫೈ ಸೇರಿಸಿ. ಮಟ್ಟ ಬದಲಾದರೆ ಬದಲಾಗುವುದು ಸಮಯ ಮತ್ತು ಗಾತ್ರ, ಧ್ವನಿಯಲ್ಲ. ಪಕ್ಕದಲ್ಲಿರುವ ಬಿಟ್‌ರೇಟ್ ಪಟ್ಟಿಗೆ ಫ್ಲ್ಯಾಕ್ ಕಿವಿಗೊಡುವುದೇ ಇಲ್ಲ.

ಬರೀ ಕಾಪಿ ಬೇಡ, 'ಟೆಸ್ಟ್ ಅಂಡ್ ಕಾಪಿ' ಒತ್ತಿ. ಕೊನೆಗೆ ಸಿಗುವ ವರದಿಯಲ್ಲಿ, ಅಂದರೆ ಲಾಗ್‌ನಲ್ಲಿ, ಪ್ರತಿ ಹಾಡಿನ ಎರಡು ಸಿಆರ್‌ಸಿ (ಡೇಟಾ ತಾಳೆ ನೋಡುವ) ಸಂಖ್ಯೆಗಳೂ ಒಂದೇ ಇರಬೇಕು. ಅಕ್ಯುರೇಟ್‌ರಿಪ್ ಹೊಂದದಿದ್ದ ಮಾತ್ರಕ್ಕೆ ರಿಪ್ (ಇಳಿಸಿದ ಪ್ರತಿ) ಕೆಟ್ಟಿತು ಎಂದಲ್ಲ, ನಿಮ್ಮದು ಬೇರೆ ಪ್ರೆಸ್ಸಿಂಗ್ (ಅದೇ ಆಲ್ಬಮ್‌ನ ಬೇರೆ ಮುದ್ರಣ) ಇರಬಹುದು. 'ಸಸ್ಪಿಷಿಯಸ್ ಪೊಸಿಷನ್' ಎಂದು ಬಂದರೆ ಮಾತ್ರ ಆ ಸೆಕೆಂಡಿಗೆ ಹೋಗಿ ಹೆಡ್‌ಫೋನ್‌ನಲ್ಲಿ ಕೇಳಿ.

ಇಎಸಿಗೆ ಗೊತ್ತಾಗದ ಮೋಸವೂ ಒಂದಿದೆ. ಎಂಪಿ3ಯಿಂದ ಬರೆದ ನಕಲಿ ಸಿಡಿಯನ್ನೂ ಅದು ಚಾಚೂ ತಪ್ಪದೆ ಓದಿ 'ಕಾಪಿ ಓಕೆ' ಎನ್ನುತ್ತದೆ. ಫೈಲನ್ನು ಸ್ಪೆಕ್ ಎಂಬ, ಧ್ವನಿಯ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ತಂತ್ರಾಂಶದಲ್ಲಿ ತೆರೆಯಿರಿ: ಎಲ್ಲಾ ಹಾಡುಗಳೂ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದಂತೆ ನಿಂತಿದ್ದರೆ ಮೂಲವೇ 128 ಕೆಬಿಪಿಎಸ್ ಎಂಪಿ3 ಇದ್ದೀತು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಡಿಸ್ಕಿನ ಹಿಂಬದಿ ನೋಡಿ. ಹಸಿರು, ನೀಲಿ ಛಾಯೆ ಕಂಡರೆ ಅದು ಮನೆಯಲ್ಲೋ ಅಂಗಡಿಯಲ್ಲೋ ಬರೆದದ್ದು, ವಾಪಸ್ ಇಡಿ.